ಗುಲಾಬಿ ಕೋಟು

ತಮ್ಮಾ,

ಹಾಲು ಕಾಯಿಸಿಟ್ಟಿದ್ದೇನೆ. ಅನ್ನ ಕುಕ್ಕರಿನಲ್ಲಿದೆ, ಬಿಸಿ ಮಾಡಿಕೊಂಡು ತಿನ್ನು. ನಲ್ಲಿ ರಿಪೇರಿಯವನು ಬಂದರೆ ಬಾಗಿಲು ತೆಗಿ, ಆದರೆ ಅವನು ಹೇಳಿದ್ದಕ್ಕೆಲ್ಲ ಗೋಣು ಹಾಕಬೇಡ. ಏನು ಕೆಟ್ಟಿದೆ ಅಂತ ಬಾಯಿಬಿಟ್ಟು ಕೇಳು.

ಕೆಂಪು ಪರದೆಯನ್ನೂ ಆಸ್ಪತ್ರೆಗೆ ಹಾಕಿಕೊಳ್ಳುವ ನನ್ನ ಬಿಳಿ ಕೋಟನ್ನೂ ಒಟ್ಟಿಗೆ ನೆನೆಸು ಅಂತ ನಿನ್ನೆ ಚೀಟಿ ಬರೆದಿಟ್ಟವಳು ನಾನೇ. ಅವಸರದಲ್ಲಿ ತಲೆ ಎಲ್ಲಿತ್ತೋ! ಬಣ್ಣ ಬಿಡುತ್ತೆ ಅಂತ ನಿನಗೆ ಗೊತ್ತಿತ್ತು. ಆದರೂ ನೆನೆಸಿದೆ. ಕೇಳಿದರೆ, "ನೀನು ಹೇಳಿದ್ಯಲ್ಲ ಅಕ್ಕಾ" ಅಂದೆ. ಮೈಯೆಲ್ಲ ಉರಿದುಹೋಯಿತು. ನಿನ್ನ ಮೇಲಲ್ಲ, ಆ ಗುರುಗಳ ಬಳಗದ ಮೇಲೆ. ಸಂಶಯಕ್ಕೆ 'ಮನಸ್ಸಿನ ಕೊಳೆ' ಅಂತ, ಬಾಯಿ ಮುಚ್ಚಿಕೊಂಡಿರುವುದಕ್ಕೆ 'ಶುದ್ಧಿ' ಅಂತ ಹೆಸರಿಟ್ಟು, ಮೂರು ವರ್ಷ ನಿನ್ನನ್ನು ಚೆನ್ನಾಗಿಯೇ ಒಗೆದಿದ್ದಾರೆ. ಅಲ್ಲಿಂದ ಬಿಡಿಸಿಕೊಂಡು ಬಂದು ಈಗ ನನ್ನನ್ನು ಗುರುಪೀಠದ ಮೇಲೆ ಕೂರಿಸಬೇಡ ಮಹರಾಯ, ನನಗೆ ಸೊಂಟನೋವು.

ಆದರೆ ಊಟವಾದ ಮೇಲೆ ತಟ್ಟೆ ತೊಳೆಯುತ್ತಾ, "ಅಲ್ಲಕ್ಕಾ, ಯಾಕೆ ಹಾಗೆ ಬರೆದೆ? ಬುದ್ಧಿ ಇಲ್ವಾ ನಿನಗೆ?" ಅಂದೆಯಲ್ಲ, ಮನೆಗೆ ಬಂದ ಮೇಲೆ ನಿನ್ನ ಬಾಯಿಂದ ಬಂದ ಮೊದಲ 'ಯಾಕೆ' ಅದು. ಅತ್ತ ಮುಖ ತಿರುಗಿಸಿಕೊಂಡು ನಕ್ಕೆ.

ಗುಲಾಬಿ ಕೋಟನ್ನೇ ಹಾಕಿಕೊಂಡು ಹೊರಟಿದ್ದೇನೆ. ವಾರ್ಡಿನವರು ನಗಲಿ, ನನಗೇನು.

ಪರದೆ ಒಣಗಿದರೆ ಮಡಿಸಿಡು. ಈ ಚೀಟಿಯಲ್ಲೂ ಏನಾದರೂ ಎಡವಟ್ಟು ಬರೆದಿದ್ದರೆ ಮಾಡಬೇಡ, ಫೋನ್ ಮಾಡಿ ಬೈ. ನಿನ್ನ ಬೈಗುಳ ಕೇಳದೆ ನನ್ನ ಕಿವಿ ತುಕ್ಕು ಹಿಡಿದಿದೆ.

ಅಕ್ಕ