ಅಣ್ಣನ ಚರ್ಮದ ಜಾಕೆಟ್

ಜೂನ್ 22, ಭಾನುವಾರ

ಅಕ್ಷರ ಸೊಟ್ಟ. ತಪ್ಪೂ ಇರಬಹುದು. ಯಾರೂ ಓದುವುದಿಲ್ಲ, ಆದರೂ ಕ್ಷಮಿಸಿ ಎಂದು ಮೊದಲೇ ಬರೆದುಬಿಡುತ್ತೇನೆ. ನಾಲ್ಕನೇ ಕ್ಲಾಸಿಗೆ ನಮ್ಮ ಕನ್ನಡ ಶಾಲೆ ಮುಚ್ಚಿತು. ಮರಾಠಿ ಶಾಲೆಗೆ ಹೋಗಲು ನಾಚಿಕೆ. ಹೋಗಲಿಲ್ಲ.

ಬೆಳಿಗ್ಗೆ ಮಯೂರಣ್ಣನನ್ನು ಎಡಕ್ಕೆ ಹೊರಳಿಸಿದೆ. ಬೆನ್ನು ಒರೆಸಿದೆ. ಆಮೇಲೆ ಅವನ ಜಾಕೆಟ್ ಒರೆಸಿದೆ. ಎರಡೂ ನನ್ನ ಕೆಲಸ.

ಮೊದಲ ಸಂಬಳದಲ್ಲಿ ಕೊಂಡ ಚರ್ಮದ ಜಾಕೆಟ್ ಅದು. ತುರ್ಭೆಯಿಂದ ಕೆಲಸ ಮುಗಿಸಿ ಡೊಂಬಿವಲಿಗೆ ಬರುವಾಗ ಅಣ್ಣ ಲೋಕಲ್ ರೈಲಿನಿಂದ ಬಿದ್ದ. ಆ ದಿನ ಸೆಖೆ ಎಂದು ಜಾಕೆಟ್ ಬಿಟ್ಟು ಹೋಗಿದ್ದ. ಅದಕ್ಕೆ ಒಂದು ಗೀರೂ ಇಲ್ಲ. ಇವನಿಗೆ ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ.

"ದೀಪಾವಳಿಗೆ ಅದನ್ನು ಹಾಕಿಯೇ ಬೈಕ್ ತೆಗೀತೇನೆ. ಚೆಂದ ಮಾಡಿ ಇಡು ಮಾರಾಯ್ತಿ," ಎಂದ.

ಇನ್ನು ಏಳುವುದಿಲ್ಲ ಎಂದು ಠಾಣೆಯ ಡಾಕ್ಟರ್ ಅಮ್ಮನಿಗೂ ನನಗೂ ಹೇಳಿದ್ದಾರೆ. ಅವನಿಗೆ ನಾವು ಹೇಳಿಲ್ಲ.

ಜೂನ್ 30

ಮಳೆ ಬಿಡುತ್ತಿಲ್ಲ. ಜಾಕೆಟ್ ಒಳಗೆ ಇಡುವಂತಿಲ್ಲ. ಇರುವುದು ಒಂದೇ ಕೋಣೆ, ದೇವರೂ ಅಲ್ಲೇ. "ದನದ ಚರ್ಮ ಕೃಷ್ಣನ ಎದುರಿಗೆ ಬೇಡ," ಎನ್ನುತ್ತಾಳೆ ಅಮ್ಮ. ಹಾಗಾಗಿ ಬಾತ್‌ರೂಮಿನ ಬಾಗಿಲ ಹಿಂದೆ, ಒದ್ದೆ ಕೊಡೆಯ ಪಕ್ಕದ ಮೊಳೆಗೆ.

ಅಂಗಡಿಯ ಲೆದರ್ ಕ್ರೀಮ್ ನಮಗಲ್ಲ. ತೆಂಗಿನೆಣ್ಣೆ ಇದೆಯಲ್ಲ — ತಲೆಗೂ ಅದೇ, ಸುಟ್ಟ ಗಾಯಕ್ಕೂ ಅದೇ, ಬಾಗಿಲು ಕಿರುಗುಟ್ಟಿದರೂ ಅದೇ. ಜಾಕೆಟಿಗೆ ಧಾರಾಳ ಹಚ್ಚಿದೆ. ಮಿಂಚಿತು. ಉಳಿದದ್ದನ್ನು ಅಣ್ಣನ ಬೆನ್ನಿಗೆ ಸವರಿದೆ.

ಜುಲೈ 9

ಜಾಕೆಟಿನ ತುಂಬ ಬೂಷ್ಟು. ಕಮಟು ವಾಸನೆ. ಅಳುತ್ತ ತಂದು ಅಣ್ಣನಿಗೆ ತೋರಿಸಿದೆ.

"ಎಂತ ಮಾಡಿದ್ದು ನೀನು? ಎಣ್ಣೆಸ್ನಾನವಾ? ಸೀಗೆಪುಡಿ ಹಾಕ್ಲಿಲ್ವಾ?" ತುಂಬಾ ದಿನದ ಮೇಲೆ ನಕ್ಕ.

ಮೊಬೈಲಿನಲ್ಲಿ ಹುಡುಕಿ ಹೇಳಿಕೊಟ್ಟ. ಒಣ ಬಟ್ಟೆಯಿಂದ ಒರೆಸು. ವಿನೆಗರಿಗೆ ಅಷ್ಟೇ ನೀರು ಬೆರೆಸಿ ಮೆಲ್ಲಗೆ ಹಚ್ಚು. ಬಿಸಿಲು ಬೇಡ, ಪ್ಲಾಸ್ಟಿಕ್ ಬೇಡ. ಗಾಳಿ ಬೇಕು. ಕೆಳಗೆ ಚೈನೀಸ್ ತಿಂಡಿಗಾಡಿ ಇಟ್ಟಿರುವ ಬಾಗಿ ಎಂಬವಳು ಅರ್ಧ ಲೋಟ ವಿನೆಗರ್ ಸುಮ್ಮನೆ ಕೊಟ್ಟಳು. "ಭಾಯ್ ಕೈಸಾ ಹೈ?" ಎಂದು ಅಣ್ಣನನ್ನು ವಿಚಾರಿಸಿದಳು. ತಲೆಯಾಡಿಸಿ ಬಂದೆ.

ತೋಳುಗಳಿಗೆ ಪೇಪರ್ ತುರುಕಿ, ಅಪ್ಪನ ಹಳೆಯ ಪಂಚೆ ಹೊದಿಸಿ, ಕಿಟಕಿಯ ಹೊರಗಿನ ಗ್ರಿಲ್ಲಿಗೆ ತೂಗುಹಾಕಿದೆ. ಮೇಲೆ ಶೀಟ್ ಇದೆ, ಮಳೆ ಬೀಳುವುದಿಲ್ಲ.

ಸಂಜೆ ಹೊರಳಿಸುವಾಗ ಬೆನ್ನಿನ ಬುಡದಲ್ಲಿ ಕೆಂಪು ಕಂಡಿತು. ಕುಂಕುಮದ ಬೊಟ್ಟಿನಷ್ಟು. ಅವನಿಗೆ ನೋವಿಲ್ಲ. ಹೇಳಲಿಲ್ಲ.

ಜುಲೈ 27

ಬರೆಯಲು ಆಗಲಿಲ್ಲ. ಆ ಕೆಂಪು ಒಡೆದು ಹುಣ್ಣಾಗಿದೆ. ಡ್ರೆಸಿಂಗಿಗೆ ಬರುವ ಸಿಸ್ಟರ್ ಬೈದರು. "ತೇಲ್ ಮತ್ ಲಗಾವ್. ಸೂಖಾ ರಖೋ, ಹವಾ ಲಗ್ನೇ ದೋ." ಎಣ್ಣೆ ಬೇಡ, ಒಣಗಿರಲಿ, ಗಾಳಿ ತಾಗಲಿ ಎಂದು. ಜಾಕೆಟಿನ ವಿಷಯದಲ್ಲಿ ಇದೆಲ್ಲ ಕಲಿತಿದ್ದೆ...

ಇವತ್ತು ಕಲ್ಯಾಣದಿಂದ ಹಯಗ್ರೀವ ಮಾವ ಬಂದಿದ್ದರು. ಗ್ರಿಲ್ಲಿನ ಪಂಚೆ ಸರಿಸಿ ನೋಡಿದರು.

"ಅಕ್ಕ, ನಮ್ಮ ಸುನಿಲ ಮನಾಲಿಗೆ ಹೊರಟಿದ್ದಾನೆ. ಇದನ್ನು ಕೊಡು. ಇವನಿಗೆ ಇನ್ನು ಯಾಕೆ?"

ಒಂದೇ ಕೋಣೆ. ಅಣ್ಣನಿಗೆ ಕೇಳಿಸಿತು.

"ಸುನಿಲನ ಹೊಟ್ಟೆಗೆ ಅದರ ಚೈನ್ ಬೀಳ್ಲಿಕ್ಕಿಲ್ಲ ಮಾವ," ಎಂದ. ಮಾವ ನಕ್ಕರು. ಅಮ್ಮ ಕಾಫಿ ಲೋಟ ಹಿಡಿದು ನಿಂತೇ ಇದ್ದಳು.

ಅವರು ಹೋದ ಮೇಲೆ ನನ್ನನ್ನು ಕರೆದ. "ಡಾಕ್ಟರ್ ಎಂತ ಹೇಳಿದ್ದು? ಸರಿ ಹೇಳು. ನಾನು ಏಳ್ತೇನಾ?"

ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ಅಮ್ಮನಿಗೂ ಗೊತ್ತಾ?"

ಮುಖ ಗೋಡೆಯ ಕಡೆ ತಿರುಗಿಸಿಕೊಂಡ.

ಆಗಸ್ಟ್ 3

ಅಣ್ಣನ ಊಟ ಎರಡು ತುತ್ತು. ಜಾಕೆಟ್ ವಿಷಯ ಎತ್ತಲೇ ಇಲ್ಲ. ನಾನು ಒರೆಸುತ್ತಲೇ ಇದ್ದೇನೆ. ಯಾಕೆ ಎಂದು ಕೇಳಿದರೆ ಗೊತ್ತಿಲ್ಲ.

ಆಗಸ್ಟ್ 10

ಮೈ ಸುಡುವ ಜ್ವರ. ಹುಣ್ಣು ಒಳಗೆ ಇಳಿದಿದೆ ಎಂದರು ಸಿಸ್ಟರ್. ನಾಳೆ ಆಸ್ಪತ್ರೆಗೆ.

ಸಂಜೆ ಅಣ್ಣ ಕರೆದ. "ನಾಳೆ ಜಾಕೆಟ್ ಹಾಕು ನಂಗೆ."

"ಹುಣ್ಣಿಗೆ ಒತ್ತುತ್ತದೆ ಅಣ್ಣ."

"ಜಾಕೆಟಿನ ಬೆನ್ನು ಕೊಯ್ದುಬಿಡು. ಮಲಗಿದವನ ಬೆನ್ನು ಯಾರು ನೋಡ್ತಾರೆ?"

"ದೀಪಾವಳಿಗೆ ಅಂದಿದ್ದಿ..."

"ಸ್ಟ್ರೆಚರ್ ಇಳಿಸುವಾಗ ಬಿಲ್ಡಿಂಗಿನವರೆಲ್ಲ ನಿಂತಿರ್ತಾರೆ. ಹೀರೋ ಹಾಗೆ ಹೋಗ್ತೇನೆ ಮಾರಾಯ್ತಿ."

ಅಮ್ಮ ಕೇಳುತ್ತಿದ್ದಳು. ಎದ್ದು ಹೋಗಿ ಗ್ರಿಲ್ಲಿನಿಂದ ಜಾಕೆಟ್ ತೆಗೆದಳು. ಎರಡೂ ಕೈಯಲ್ಲಿ ಹಿಡಿದು ಕೃಷ್ಣನ ಎದುರಿನಿಂದಲೇ ಬಂದು ಅಣ್ಣನ ಕಾಲ ಬುಡದಲ್ಲಿಟ್ಟಳು. ಆಮೇಲೆ ಕೈ ತೊಳೆಯಲೂ ಹೋಗಲಿಲ್ಲ.

ಆಗಸ್ಟ್ 11, ಬೆಳಿಗ್ಗೆ

ದಪ್ಪ ಚರ್ಮಕ್ಕೆ ಕತ್ತರಿ ಹಿಡಿಯಲಿಲ್ಲ. ಬ್ಲೇಡಿನಿಂದ ಕೊಯ್ದೆ, ಕೆಳಗಿನಿಂದ ಕಾಲರಿನ ತನಕ. ಒಳಗೆಲ್ಲ ಒಣಗಿಯೇ ಇತ್ತು.

ಒಂದು ತೋಳು ಅಮ್ಮ ಹಾಕಿದಳು, ಒಂದು ನಾನು. ಕೊಯ್ದ ಅಂಚನ್ನು ಹುಣ್ಣಿಗೆ ತಾಗದ ಹಾಗೆ ಮಡಚಿದೆ. ಅಣ್ಣ ಕಣ್ಣು ಮುಚ್ಚಿದ್ದಾನೆ, ಉಸಿರು ಜೋರು. ಕೆಳಗೆ ಆಂಬುಲೆನ್ಸ್ ಬಂತು.

ಕಾಲರಿನ ಹತ್ತಿರ ಬೂಷ್ಟಿನ ಒಂದು ಬಿಳಿ ಚುಕ್ಕೆ ಉಳಿದಿತ್ತು. ಒಣ ಬಟ್ಟೆಯಿಂದ ಒರೆಸಿದೆ.