ಇಬ್ಬರಿಗಿಂತ ಕಡಿಮೆ ಇಲ್ಲ

ಶುಕ್ರವಾರ, ಮೇ 9

ಇಸ್ತ್ರಿ ಮುಗಿಯಿತು. ಫಿನಾಕ್ಕನ ಉಪದೇಶ ಮುಗಿಯಲಿಲ್ಲ. ಬತಿಸ್ತ್ ಮತ್ತೆ ಫೋನ್ ಮಾಡಿದ್ದನಂತೆ. ಭಾನುವಾರ ಸಂಜೆ ಕಾರು ತಂದು ನನ್ನನ್ನು ಮನೆಗೆ ಕರೆದುಕೊಂಡು ಹೋಗುತ್ತಾನಂತೆ. ಬರುತ್ತೀಯಾ ಎಂದು ಇಬ್ಬರೂ ಕೇಳಲಿಲ್ಲ. ಗಂಡನನ್ನು ಬಿಟ್ಟು ಅಕ್ಕನ ಮನೆಗೆ ಬಂದು ಆರು ವಾರ — ಇವರ ಪಾಲಿಗೆ ಅದು ರಜೆ.

"ಭಾನುವಾರ ಭಾನುವಾರ ಅವನೇ ಅಡುಗೆ ಮಾಡ್ತಾನಲ್ಲೇ. ಇನ್ನೇನು ಬೇಕು ನಿಂಗೆ?" ಎಂದಳು ಅಕ್ಕ.

ಮೈ ಉರಿಯಿತು. ವಾರದ ಆರು ದಿನ ನಾನು ಬೇಯಿಸಿದರೆ ಉಪ್ಪು ಕಡಿಮೆ ಎನ್ನುವವರೇ ಎಲ್ಲ. ಏಳನೆಯ ದಿನ ಅವನು ಅಗಲ ಬಾಣಲೆಯಲ್ಲಿ ಪಾಯೆಯಾ ಅನ್ನ ಮಾಡಿದರೆ ಮನೆಮಂದಿಯ ಚಪ್ಪಾಳೆ. ಅದಕ್ಕೆ ಹಾಕುವ ಮೊಲ ತುಂಡು ಮಾಡಿದ್ದು, ಬೀನ್ಸ್ ಮುರಿದದ್ದು, ಕೊನೆಗೆ ಬಾಣಲೆ ತಿಕ್ಕಿದ್ದು ಯಾರು? ಮೂವತ್ತೊಂದು ವರ್ಷ.

ಭಾನುವಾರ ಕಡಲತೀರದ ಕುಲ್ಯೇರಾಗೆ ಹೋಗುತ್ತೇನೆ ಎಂದೆ. ಸಮುದ್ರ ನೋಡಿ, ಉಂಡು, ಅವನ ಜೊತೆ ಹೋಗುವುದೋ ಬೇಡವೋ ಅಲ್ಲೇ ತೀರ್ಮಾನಿಸಿ ಬರುತ್ತೇನೆ. ಒಬ್ಬಳೇ ಹೋಗಿ ಏನು ಮಾಡುತ್ತೀ ಎಂದು ನಾಲ್ಕು ಸಲ ಕೇಳಿದಳು.

ಭಾನುವಾರ, ಮೇ 11. ಬೆಳಿಗ್ಗೆ 11:20

ಕುಲ್ಯೇರಾದ ಗುಡ್ಡದ ಕೋಟೆ ಹತ್ತಿದೆ. ಮಂಡಿ ಶಾಪ ಹಾಕುತ್ತಿದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನೀರು ಬಿಟ್ಟ ಭತ್ತದ ಗದ್ದೆ... ಚೆನ್ನಾಗಿತ್ತು, ನೆಮ್ಮದಿಯಾಗಿ ನೋಡಲು ಬಿಟ್ಟಿದ್ದರೆ. ಟಿಕೆಟ್ ಕೊಡುವವಳು, ಪಕ್ಕದ ಚರ್ಚಿನ ಬಾಗಿಲಲ್ಲಿ ಮೇಣದಬತ್ತಿ ಮಾರುವವಳು, ಫೋಟೊ ತೆಗೆಯಲೇ ಎಂದು ಬಂದ ಮುದುಕ — ಮೂವರೂ ಕೇಳಿದ್ದು ಒಂದೇ. ನಿಮ್ಮವರು ಎಲ್ಲಿ? ಕೆಳಗೆ ಕಾರು ನಿಲ್ಲಿಸುತ್ತಿದ್ದಾರೆ ಎಂದು ಮುದುಕನಿಗೆ ಸುಳ್ಳು ಹೇಳಿದೆ. ಯಾಕೆ ಹೇಳಿದೆ? ಅದಕ್ಕೂ ಸಿಟ್ಟು.

ಮಧ್ಯಾಹ್ನ 2:30

ಎರಡು ಹೋಟೆಲಿನವರು ಸಾಗಹಾಕಿದರು. ಬೋರ್ಡಿನಲ್ಲೇ ಬರೆದಿದೆ — ಪಾಯೆಯಾ, ಇಬ್ಬರಿಗಿಂತ ಕಡಿಮೆ ಇಲ್ಲ. ಒಬ್ಬರೇ ಬಂದರೆ ಬ್ರೆಡ್ಡಿನೊಳಗೆ ಕರಿದ ಸ್ಕ್ವಿಡ್ ಮೀನು. ಅದನ್ನೂ ನಿಂತೇ ತಿನ್ನಬೇಕಂತೆ. ಇದೇ ಗದ್ದೆಗಳಲ್ಲಿ ಅಪ್ಪನ ಜೊತೆ ಮೊಣಕಾಲು ಮುಳುಗುವ ಕೆಸರಿನಲ್ಲಿ ನಾಟಿ ಮಾಡಿದವಳು ನಾನು. ನನಗೆ ಅನ್ನವಿಲ್ಲ!

ಮೂರನೆಯ ಕಡೆ ನರೆತ ಮೀಸೆಯ ಸಪ್ಲೈಯರ್.

"ಒಬ್ಬರಿಗೆ ಅಕ್ಕಿ ಹಾಕಲ್ಲ, ತಾಯಿ."

"ಇಬ್ಬರಿಗೆ ಹಾಕಿ ಮತ್ತೆ."

"ಇನ್ನೊಬ್ಬರು ಯಾವಾಗ ಬರ್ತಾರೆ?"

"ಬರಲ್ಲ."

ಕೂತಿದ್ದೇನೆ. ಆದರೂ ಎರಡು ಮರದ ಚಮಚ ಇಟ್ಟು ಹೋದ. ಪಕ್ಕದ ಮೇಜಿನ ಹನ್ನೊಂದು ಜನ ನನ್ನನ್ನೇ ನೋಡುತ್ತಿದ್ದಾರೆ. ನೋಡಲಿ.

3:40

ಬಾಣಲೆ ಬಂತು. ನಾವು ತಟ್ಟೆಗೆ ಬಡಿಸಿಕೊಳ್ಳುವವರಲ್ಲ. ಬಾಣಲೆಯಿಂದಲೇ, ಅವರವರ ಎದುರಿನ ಪಾಲು, ಅಂಚಿನಿಂದ ನಡುವಿನವರೆಗೆ. ಇನ್ನೊಬ್ಬರ ಪಾಲಿಗೆ ಚಮಚ ಹಾಕಬಾರದು, ಮಕ್ಕಳಿಗೂ ಗೊತ್ತು. ಬತಿಸ್ತ್ ಹಾಕುತ್ತಾನೆ. ನನ್ನ ಪಾಲಿಗೆ ಮಾತ್ರ. ತಳ ಹಿಡಿದು ಕೆಂಪಗಾದ ಗರಿಗರಿ ಅನ್ನ — ಎಲ್ಲರೂ ಕಾಯುವುದೇ ಅದಕ್ಕೆ — ನನ್ನ ಕಡೆಯದನ್ನು ಕೆರೆದುಕೊಂಡು, ಗಂಡ ಹೆಂಡತಿ ನಡುವೆ ಎಂಥ ಗೆರೆ ಎಂದು ನಗುತ್ತಾನೆ. ನಾನೂ ನಗುತ್ತಿದ್ದೆ.

ಇವತ್ತು ಗಬಗಬ ತಿಂದೆ. ನೋಡುತ್ತೇನೆ — ಸರಿಯಾಗಿ ಅರ್ಧಕ್ಕೆ ನಿಲ್ಲಿಸಿದ್ದೇನೆ. ಸ್ಕೇಲಿಟ್ಟು ಗೆರೆ ಎಳೆದ ಹಾಗೆ. ಆಚೆಯ ಅರ್ಧದಲ್ಲಿ ಒಂದು ಅಗುಳೂ ಕದಲಿಲ್ಲ. ಯಾರಿಗೆ ಎತ್ತಿಟ್ಟೆ? ಬೆಳಿಗ್ಗೆಯಿಂದ ಊರವರ ಮೇಲೆಲ್ಲ ಉರಿದುಬಿದ್ದವಳಿಗೆ ಈಗ ಈ ಕೈಯ ಮೇಲೇ ಕೋಪ ಉಕ್ಕಿತು.

ಸಪ್ಲೈಯರ್ ಬಂದು, ಅವರ ಪಾಲು ಕಟ್ಟಿಕೊಡಲೇ ಎಂದ.

"ಅವರದು ಅಂತ ಏನೂ ಇಲ್ಲ. ಎಲ್ಲಾ ನಂದೇ."

ತಿಂದೆ. ಹೊಟ್ಟೆ ಬಿರಿಯುತ್ತಿತ್ತು, ಬಿಡಲಿಲ್ಲ. ತಳ ಕೆರೆದೆ. ಕರಕರ... ಇಷ್ಟು ರುಚಿ ಎಂಬುದೇ ಮರೆತುಹೋಗಿತ್ತು. ಅಲ್ಲೇ ತೀರ್ಮಾನವಾಯಿತು. ಹೋಗುವುದಿಲ್ಲ.

ಸಂಜೆ 7:50

ಅಕ್ಕನ ಮನೆ. ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ. ಬತಿಸ್ತ್ ಮಧ್ಯಾಹ್ನವೇ ಬಂದು ಇಲ್ಲೇ ಪಾಯೆಯಾ ಮಾಡಿದ್ದಾನೆ. ಚಪ್ಪಾಳೆಯೂ ಆಗಿದೆ. ನನ್ನ ಪಾಲನ್ನು ಬಾಣಲೆಯಲ್ಲೇ ಬಿಟ್ಟು ಪೇಪರ್ ಮುಚ್ಚಿಟ್ಟಿದ್ದರು. ನೋಡು, ಈ ಸಲ ಮುಟ್ಟಿಲ್ಲ ಎಂದು ಅಕ್ಕ ಪೇಪರ್ ಎತ್ತಿ ತೋರಿಸಿದಳು. ಒಂದು ಗಳಿಗೆ ಮನಸ್ಸು ಕರಗಿತು, ಸುಳ್ಳು ಯಾಕೆ. ಚಮಚದಿಂದ ಅನ್ನ ಸರಿಸಿದೆ. ಅಡಿಯಲ್ಲಿ ಬರೀ ಲೋಹ ಹೊಳೆಯಿತು. ಕೆಂಪು ಅನ್ನವನ್ನೆಲ್ಲ ಕೆರೆದುಕೊಂಡು, ಮೇಲಿನದನ್ನು ನೀಟಾಗಿ ಹರಡಿಟ್ಟಿದ್ದಾನೆ.

ಸಿಕ್ಕಿಬಿದ್ದು ನಕ್ಕ. "ಅಭ್ಯಾಸ ಕಣೇ, ಕಾಂಸೊಲ್. ನಡಿ, ಕಾರು ಹತ್ತು."

ಬಾಗಿಲು ತಟ್ಟುತ್ತಿದ್ದಾನೆ. ನನ್ನ ಸೂಟ್‌ಕೇಸ್ ಆಗಲೇ ಡಿಕ್ಕಿಯಲ್ಲಿದೆಯಂತೆ. ಅದನ್ನು ಇಳಿಸಿಕೊಳ್ಳಬೇಕು. ಬರಲ್ಲ ಎಂದು ಅಕ್ಕನಿಗೂ ಕೇಳಿಸುವ ಹಾಗೆ ಹೇಳಬೇಕು. ಅವನು ನಗುತ್ತಾನೆ. ನಗಲಿ. ನಾನು ಮಾತ್ರ ಈ ಸಲ ನಗುವುದಿಲ್ಲ.