ಗುಡ್ಡದ ಕಲ್ಲು ಕಿತ್ತು ಬಂದ ವಿಚಾರ

ಶ್ರೀಮದ್ ಗಿರಿಶಿಖರ ಪರಿಪಾಲಕರೂ, ಮಳೆ ಮಂಜು ಕೆಸರುಗಳ ಏಕಚ್ಛತ್ರಾಧಿಪತಿಗಳೂ, ಒಂದೇ ರುಜುವಿನಿಂದ ಜೀಪುಗಳನ್ನು ಮೋಡದೊಳಕ್ಕೆ ಹತ್ತಿಸಬಲ್ಲ ಮಹಾಮಹಿಮರೂ ಆದ ವಲಯ ಅರಣ್ಯಾಧಿಕಾರಿಗಳ ಸನ್ನಿಧಾನಕ್ಕೆ, ಭದ್ರಾವತಿಯ ಜನ್ನಾಪುರದಿಂದ ಅಭಯನೆಂಬ ಅಲ್ಪಮತಿಯು ರೈನ್‌ಕೋಟು ಸಮೇತ ಸಾಷ್ಟಾಂಗವೆರಗಿ ಮಾಡುವ ಬಿನ್ನಹ.

ಮಾನ್ಯರೇ, ತಾವು ಅಪ್ಪಣೆ ಕೊಟ್ಟಿರಿ, ನಾವು ಗುಡ್ಡ ಹತ್ತಿದೆವು, ಹುಚ್ಚಮ್ಮ ಎಂಬ ಅಜ್ಜಿಯ ಮನೆಗೆ ಕುಡಿಯುವ ನೀರು ನಿಂತುಹೋಯಿತು. ಆಷಾಢದ ಮಳೆ ಹಗಲೂ ರಾತ್ರಿ ಹೊಯ್ಯುತ್ತಿರುವಾಗ ಒಬ್ಬರ ಮನೆಯ ನೀರು ನಿಲ್ಲಿಸುವುದು ಸಾಮಾನ್ಯರಿಂದ ಆಗುವ ಕೆಲಸವೇ? ಅದಕ್ಕೆ ನಮ್ಮಂಥ ಸಾಹಸಿಗಳೂ ತಮ್ಮಂಥ ದೊರೆಗಳೂ ಕೂಡಿಬರಬೇಕು.

ನಡೆದದ್ದು ಇಷ್ಟು. ಶನಿವಾರ ಬೆಳಿಗ್ಗೆ ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನಲ್ಲಿ ಜೀಪುಗಳು ಸೇರಿದವು. ನಾಯಕ ನನ್ನ ಗೆಳೆಯ ಆಕರ್ಷ. ವಾರವೆಲ್ಲ ಟೈಲ್ಸ್ ಅಂಗಡಿಯಲ್ಲಿ ಕೂತು ವಾರಾಂತ್ಯಕ್ಕೆ ಸೇನಾಧಿಪತಿಯಾಗುವವನು. ನಾವು ಟೆಂಟು ಹಾಕಿ ನೂಡಲ್ಸ್ ಬೇಯಿಸುವ ಹೊತ್ತಿಗೆ ಗುಡ್ಡದ ನೆತ್ತಿಯ ಹುಲ್ಲುಗಾವಲು ಉತ್ತ ಗದ್ದೆಯಾಗಿತ್ತು. ಭಾನುವಾರ ಇಳಿಯುವಾಗ ಆಕರ್ಷನ ಜೀಪು ಹೊಟ್ಟೆಯವರೆಗೆ ಹೂತಿತು. ಇಂಥ ವೇಳೆಗೆಂದೇ ಜೀಪಿನ ಮೂತಿಗೆ ವಿಂಚ್ ಇರುತ್ತದೆ. ಅದರ ಉಕ್ಕಿನ ಹಗ್ಗವನ್ನು ಗಟ್ಟಿ ಮರಕ್ಕೆ ಕಟ್ಟಿ ಮೋಟರು ತಿರುಗಿಸಿದರೆ ಜೀಪು ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಹುಲ್ಲುಗುಡ್ಡದಲ್ಲಿ ಮರವೆಲ್ಲಿ? ಇದ್ದದ್ದು ಒಂದು ಕಲ್ಲು.

"ಅದಕ್ಕೇ ಕಟ್ಟೋ" ಎಂದ ಆಕರ್ಷ.

"ಯಾರೋ ನೆಟ್ಟಿರೋ ಹಾಗಿದೆ ಮಾರಾಯ" ಎಂದೆ.

"ನೆಟ್ಟಿದ್ರೆ ಇನ್ನೂ ಗಟ್ಟಿ ಇರುತ್ತೆ, ಕಟ್ಟು."

ಜೀಪು ಅಲುಗಲಿಲ್ಲ. ಕಲ್ಲು ಬಂತು. ಅದರ ಹಿಂದೆಯೇ ತೋಳುಗಾತ್ರದ ನೀರು ನುಗ್ಗಿ, ನಮ್ಮ ಚಕ್ರಗಳು ಕೊರೆದ ಜಾಡು ಹಿಡಿದು ಗುಡ್ಡದ ಆಚೆ ಮಗ್ಗುಲಿಗೆ ಇಳಿದುಹೋಯಿತು. ನಾವು ಚಪ್ಪಾಳೆ ತಟ್ಟಿದೆವು. ಕೊನೆಗೆ ಹಿಂದಿನ ಜೀಪಿಗೆ ಹಗ್ಗ ಕಟ್ಟಿ ಎಳೆಸಿದ್ದಾಯಿತು. ಮೊದಲೇ ಹಾಗೆ ಮಾಡಬಹುದಿತ್ತು, ಆದರೆ ಅದರಲ್ಲಿ ಸಾಹಸವೆಲ್ಲಿ?

ಕೆಳಗಿನ ಒಂಟಿ ಮನೆಯಂಗಳದಲ್ಲಿ ಹುಚ್ಚಮ್ಮ ಕೊಡ ಹಿಡಿದು, ಗುಡ್ಡದಿಂದ ನೀರು ತರುವ ಪೈಪಿನ ಬಾಯನ್ನೇ ನೋಡುತ್ತ ನಿಂತಿದ್ದರು. ಅವರ ಅತ್ತೆಯ ಕಾಲದಿಂದ ಆ ಕಲ್ಲು ಒರತೆಗೆ ಅಡ್ಡ ನಿಂತು ನೀರನ್ನು ಮನೆಯ ಕಡೆ ತಿರುಗಿಸುತ್ತಿತ್ತಂತೆ. ಬಾವಿ ಇಲ್ಲ, ಬೋರ್ ಕೊರೆಯುವ ಲಾರಿ ಅಲ್ಲಿಗೆ ಹತ್ತುವುದಿಲ್ಲ.

"ಅಜ್ಜಿ, ಇಷ್ಟು ಮಳೆ ಬೀಳ್ತಿದೆ, ನೀರಿಗೇನು ಬರ?" ಎಂದ ನಮ್ಮ ಸೇನಾಧಿಪತಿ.

"ಹೌದಾ ತಮ್ಮಾ? ಹಾಗಾದ್ರೆ ಬಾಯಿ ಕಳ್ಕೊಂಡು ಇಲ್ಲೇ ನಿಂತ್ಕೋ. ಹೊಟ್ಟೆ ತುಂಬಿದ್ ಮೇಲೆ ಹೇಳು, ನಾನೂ ನಿಂತ್ಕೋತೀನಿ." ಆಮೇಲೆ ಮೆತ್ತಗೆ ಕೇಳಿದರು: "ಮಳೆ ಹೋದ್ಮೇಲೆ ಏನ್ ಕುಡೀಲಿ, ಅದನ್ನ ಹೇಳು."

ನಡೆದೇ ಮತ್ತೆ ಹತ್ತಿ ಕಲ್ಲನ್ನು ಉರುಳಿಸಿ ಹಳೆಯ ಜಾಗಕ್ಕೆ ಕೂರಿಸಿದೆವು. ನೀರು ಒಪ್ಪಲಿಲ್ಲ, ಅದಕ್ಕೆ ಹೊಸ ದಾರಿ ಹಿಡಿಸಿಬಿಟ್ಟಿತ್ತು.

ಸೋಮವಾರ ತಮ್ಮ ಕಚೇರಿಗೆ ಬಂದೆ. ತಾವು ಕಿಟಕಿಯಾಚೆ ಬೆರಳು ತೋರಿಸಿ, "ಈ ಮಳೇಲಿ ನೀರಿಲ್ಲ ಅಂತ ಬಂದಿದೀಯಲ್ಲ, ತಲೆ ಸರಿ ಇದೆಯೇನಪ್ಪಾ?" ಎಂದಿರಿ. ಸುತ್ತಲಿದ್ದವರು ನಕ್ಕರು. ಊರಿಗೆಲ್ಲ ಕೀಟಲೆ ಮಾಡಿಕೊಂಡು ಬಂದವನು ನಾನು; ಒಂದು ದಿನ ನಿಜ ಹೇಳಿದರೆ ಅದೇ ಎಲ್ಲಕ್ಕಿಂತ ದೊಡ್ಡ ತಮಾಷೆಯಾಯಿತು. ಬಾಯಾರಿಕೆಗೂ ಹಂಗಾಮು ಬೇಕೇ, ಮಾನ್ಯರೇ? ತಾವು ನಂಬುವುದಕ್ಕಾಗಿ ಹುಚ್ಚಮ್ಮ ಬೇಸಿಗೆಯವರೆಗೆ ಕಾಯಬೇಕೇ? ಆಗ ಗುಡ್ಡದಲ್ಲಿ ಕೆಸರಿರುವುದಿಲ್ಲ, ಆದ್ದರಿಂದ ನಾವೂ ಇರುವುದಿಲ್ಲ. ಕಲ್ಲು ಕಿತ್ತವರು ಯಾರೆಂದು ಬಾಯಿಬಿಡುವವರೂ ಇರುವುದಿಲ್ಲ.

ಆದ್ದರಿಂದ ಗುಡ್ಡದ ದಾರಿಗೆ ಅಡ್ಡಲಾಗಿ ಜೀಪು ದಾಟಲಾರದಷ್ಟು ಆಳದ ಟ್ರೆಂಚ್ ಹೊಡೆಸಿ. ಅಪ್ಪಣೆ ಕೊಡುವ ಆ ಬಲಗೈಗೆ ಮಳೆಗಾಲವಿಡೀ ವಿಶ್ರಾಂತಿ ಕೊಡಿ. ಒರತೆಗೊಂದು ಕಟ್ಟೆ ಕಟ್ಟಲು ಗಾರೆಯವರನ್ನು ಕಳಿಸಿ. ತಾವು ಮಾಡುವುದಿಲ್ಲವೆಂದು ನನಗೆ ಗೊತ್ತು. ಹುಚ್ಚಮ್ಮನಿಗೂ ಗೊತ್ತು, ಅವರು ಆಗಲೇ ಜಾರುವ ಇಳಿಜಾರಿನಲ್ಲಿ ಕೆಳಗಿನ ಹಳ್ಳಕ್ಕೆ ಕೊಡ ಹೊತ್ತು ತಿರುಗಾಡುತ್ತಿದ್ದಾರೆ.

ಇಂತಿ,
ತಮ್ಮ ಅಪ್ಪಣೆಗೂ ಆ ಅಜ್ಜಿಯ ಶಾಪಕ್ಕೂ ಸಮಾನವಾಗಿ ಪಾತ್ರನಾದ
ಅಭಯ, ಜನ್ನಾಪುರ

ಆ ಟ್ರೆಂಚನ್ನು ದಯವಿಟ್ಟು ಶುಕ್ರವಾರದೊಳಗೇ ಹೊಡೆಸಿ. ಶನಿವಾರ ಮತ್ತೆ ಹೊರಟಿದ್ದೇವೆ. ಈ ಸಲ ಸ್ಟೀರಿಂಗ್ ನನ್ನ ಕೈಗೆ ಕೊಡುತ್ತೇನೆಂದು ಆಕರ್ಷ ಹೇಳಿದ್ದಾನೆ. ಬೇಡ ಅನ್ನುವುದಕ್ಕೆ ನನ್ನಿಂದ ಆಗಲಿಲ್ಲ.